ಎಂಜಿನ್ ಆಫ್ ಆದ ಮೇಲೆ ಫ್ರಿಜ್ಜಿನ ಪಾಡೇನು?



ನಮ್ಮ ಕಾಸರಗೋಡು ಕಡೆಯ ಮಕ್ಕಳು ಹಿಂದೆ ಹೆಚ್ಚಾಗಿ ಗಲ್ಫಿಗೆ ಹೋಗುತ್ತಿದ್ದರು. ಈಗ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದವರೂ ಇದ್ದಾರೆ. ಅವರನ್ನು ನೋಡಲು ಮೂರು ತಿಂಗಳ ಮಟ್ಟಿಗೆ ಹೋಗುವ ಅಪ್ಪ-ಅಮ್ಮಂದಿರಿಗೆ ಅಲ್ಲಿ ಕ್ಯಾರವಾನ್ ಪ್ರಯಾಣದ ಯೋಗ ಬರುವುದುಂಟು. ಕಾರಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಗಾಲಿಯ ಮನೆ ಅದು. ಮಂಚ, ಒಲೆ, ಸಿಂಕು, ಫ್ರಿಜ್ಜು ಎಲ್ಲವೂ ಒಳಗೇ ಇರುತ್ತದೆ. ಕೇರಳ ಸರಕಾರವೂ 2021ರಲ್ಲಿ ಕ್ಯಾರವಾನ್ ಪ್ರವಾಸದ ನೀತಿಯನ್ನು ಪ್ರಕಟಿಸಿತು. ಆದರೆ ಇಲ್ಲಿ ಕಾಣುವುದು ಹೆಚ್ಚಾಗಿ ಬಸ್ಸಿನಂತೆ ತಾನೇ ಓಡುವ ಬಗೆಯದು. ಈ ತಿಂಗಳು ನಾವು ಹೇಳಹೊರಟಿರುವುದು ಎಳೆಯುವ ಬಗೆಯ ಕ್ಯಾರವಾನಿನ ಫ್ರಿಜ್ಜಿನ ಬಗ್ಗೆ.

ಫ್ರಿಜ್ಜೆಂದರೆ ಹಾಲು, ಮೀನಿನ ಮಾತಷ್ಟೇ ಅಲ್ಲ. ಆ ವಯಸ್ಸಿನವರಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟು ಮಂದಿ! ತೆರೆಯದ ಇನ್ಸುಲಿನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು. ಬಳಸುತ್ತಿರುವುದನ್ನು ಸಾಮಾನ್ಯವಾಗಿ ನಾಲ್ಕು ವಾರ ಹೊರಗಿಡಬಹುದು, ಆದರೆ ಸುಡುವ ಬಿಸಿಲಿನ ಗಾಡಿಯೊಳಗಲ್ಲ. ಆದ್ದರಿಂದ ಫ್ರಿಜ್ಜು ನಿಂತರೆ ಕಷ್ಟ. ಇನ್ನು ಅದನ್ನು ನಿಲ್ಲಿಸದೆ ಓಡಿಸಿ ಕಾರಿನ ಬ್ಯಾಟರಿಯೇ ಬರಿದಾದರೆ? ಆಸ್ಟ್ರೇಲಿಯಾದ ದಕ್ಷಿಣದಲ್ಲಿ ನಲ್ಲರ್‌ಬೋರ್ ಬಯಲನ್ನು ದಾಟುವ ಐರ್ ಹೆದ್ದಾರಿ ಇದೆ. ಅದರಲ್ಲಿ ಬಲ್ಲಡೋನಿಯಾ ಮತ್ತು ಕೈಗೂನಾ ಎಂಬ ಎರಡು ತಂಗುದಾಣಗಳ ನಡುವೆ 146 ಕಿಲೋಮೀಟರಿನಷ್ಟು ದಾರಿ ಒಂದು ತಿರುವೂ ಇಲ್ಲದೆ ಸಾಗುತ್ತದೆ. ನಡುವೆ ಊರೂ ಇಲ್ಲ. ನಮ್ಮೂರಿನಲ್ಲಾದರೆ ನಾಲ್ಕು ಜನ ಸೇರಿ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಿಕೊಟ್ಟಾರು. ಅಲ್ಲಿ ಆ ನಾಲ್ಕು ಜನ ಎಲ್ಲಿಂದ ಬರಬೇಕು? ಬಂದರೂ, ಆಟೋಮ್ಯಾಟಿಕ್ ಗೇರಿನ ಕಾರು ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ.

ಕಾರಿನ ಬ್ಯಾಟರಿ ಕಂಬಳದ ಕೋಣನಿದ್ದಂತೆ. ಸೆಲ್ಫ್ ಹೊಡೆದಾಗ ಕೆಲವೇ ಕ್ಷಣ ನೂರಾರು ಆಂಪಿಯರ್ ಕೊಟ್ಟು ಎಂಜಿನನ್ನು ಎಬ್ಬಿಸುವುದೇ ಅದರ ಕೆಲಸ. ಅದಕ್ಕಾಗಿ ಅದರೊಳಗಿನ ಫಲಕಗಳು ತೆಳ್ಳಗಿರುತ್ತವೆ. ಇಡೀ ರಾತ್ರಿ ನಿಧಾನವಾಗಿ ಕರೆಂಟು ಕೊಡು ಎಂದರೆ ಅದು ಸೋಲುತ್ತದೆ. ನಾಲ್ಕಾರು ಸಲ ಪೂರ್ತಿ ಬರಿದಾದರೆ ಕೆಟ್ಟೇ ಹೋದೀತು. ಗದ್ದೆ ಉಳುವ ಕೋಣನಂಥದ್ದು ಬೇರೆ ಇದೆ. ದಪ್ಪ ಫಲಕಗಳ ‘ಡೀಪ್ ಸೈಕಲ್’ ಬ್ಯಾಟರಿ ಎಂದು ಅದನ್ನು ಕರೆಯುತ್ತಾರೆ. ಕ್ಯಾರವಾನಿನೊಳಗೆ ಇಡಬೇಕಾದದ್ದು ಅದನ್ನು, ಅಥವಾ ಈಗ ಬಂದಿರುವ ಲಿಥಿಯಂ ಬ್ಯಾಟರಿಯನ್ನು.

ಫ್ರಿಜ್ಜಿನಲ್ಲೂ ಎರಡು ಜಾತಿ. ಹಳೆಯದು ‘ತ್ರೀ ವೇ’ ಫ್ರಿಜ್ಜು: ಗ್ಯಾಸ್, ಮನೆ ಕರೆಂಟು, 12 ವೋಲ್ಟ್ ಬ್ಯಾಟರಿ ಮೂರರಲ್ಲೂ ನಡೆಯುತ್ತದೆ. ಬೆಂಕಿಯಿಂದ ತಂಪು ಹುಟ್ಟಿಸುವ ಈ ವಿದ್ಯೆಯನ್ನು 1922ರಲ್ಲಿ ಸ್ಟಾಕ್‌ಹೋಮಿನ ವಿದ್ಯಾರ್ಥಿಗಳಾದ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಕಂಡುಹಿಡಿದರು. ಎಲೆಕ್ಟ್ರೋಲಕ್ಸ್ ಕಂಪೆನಿ ಅದನ್ನು ಕೊಂಡು 1925ರಲ್ಲಿ ಮಾರುಕಟ್ಟೆಗೆ ತಂದಿತು. ಒಳಗೆ ಅಮೋನಿಯಾ, ನೀರು, ಹೈಡ್ರೋಜನ್ ಇರುತ್ತವೆ. ತಿರುಗುವ ಯಂತ್ರವೇ ಇಲ್ಲದ್ದರಿಂದ ಸದ್ದೂ ಇಲ್ಲ. ಆದರೆ ಬ್ಯಾಟರಿಯಲ್ಲಿ ನಡೆಸುವಾಗ ಇದೊಂದು ಹೀಟರ್ ಅಷ್ಟೆ, ಮತ್ತು ಹೀಟರಿನ ಹೊಟ್ಟೆ ದೊಡ್ಡದು. ಸುಮಾರು 12 ಆಂಪಿಯರ್ ಎಳೆಯುವ ಒಂದು ಫ್ರಿಜ್ಜನ್ನು ತೆಗೆದುಕೊಳ್ಳಿ. ಅನೇಕ ಮಾದರಿಗಳಲ್ಲಿ 12 ವೋಲ್ಟಿಗೆ ಥರ್ಮೋಸ್ಟಾಟ್ ಇಲ್ಲ, ಆದ್ದರಿಂದ ಬಿಡುವೂ ಇಲ್ಲ. ಕಾರಿನ ಬ್ಯಾಟರಿ 72 ಆಂಪಿಯರ್-ಅವರಿನದಾದರೆ ಲೆಕ್ಕದಲ್ಲಿ ಆರು ಗಂಟೆಗೆ ಪೂರ್ತಿ ಖಾಲಿ, ಮೂರು ಗಂಟೆಗೆ ಅರ್ಧ ಖಾಲಿ. ಗಾಡಿ ನಿಲ್ಲಿಸಿ ಊಟ ಮುಗಿಸಿ, ಮರದಡಿಯಲ್ಲಿ ಒಂದು ಒಳ್ಳೆಯ ನಿದ್ದೆ ತೆಗೆದರೆ ಸಾಕು, ಎದ್ದಾಗ ಸೆಲ್ಫ್ ಹೊಡೆಯುವುದೇ ಅನುಮಾನ.

ಆದ್ದರಿಂದ ತ್ರೀ ವೇ ಫ್ರಿಜ್ಜಿಗೆ 12 ವೋಲ್ಟಿನ ಕರೆಂಟು ಎಂಜಿನ್ ಓಡುವಾಗ ಮಾತ್ರ ಸಿಗಬೇಕು. ನಿಂತಲ್ಲಿ ಗ್ಯಾಸ್ ಅಥವಾ ಕ್ಯಾರವಾನ್ ಪಾರ್ಕಿನ ಕರೆಂಟು. ಪೆಟ್ರೋಲ್ ಬಂಕಿಗೆ ಹೋಗುವ ಮೊದಲು ಗ್ಯಾಸಿನ ಬೆಂಕಿ ಆರಿರಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಈ ಫ್ರಿಜ್ಜು 12 ವೋಲ್ಟಿನಲ್ಲಿ ಇದ್ದ ತಂಪನ್ನು ಕಾಪಾಡಿಕೊಳ್ಳುತ್ತದೆಯೇ ಹೊರತು ಬಿಸಿಯಾದದ್ದನ್ನು ತಣಿಸುವಷ್ಟು ಶಕ್ತಿ ಅದಕ್ಕೆ ಇರುವುದಿಲ್ಲ. ಹೊರಡುವ ಹಿಂದಿನ ರಾತ್ರಿಯೇ ಮನೆಯ ಕರೆಂಟಿನಲ್ಲಿ ತಣಿಸಿಟ್ಟರೆ ಒಳ್ಳೆಯದು.

ಹೊಸ ಜಾತಿ ಕಂಪ್ರೆಸರ್ ಫ್ರಿಜ್ಜು. ಇದು ನಡೆಯುವಾಗ 5 ಆಂಪಿಯರಿನಷ್ಟು ಎಳೆದು, ತಂಪಾದೊಡನೆ ನಿಲ್ಲುತ್ತದೆ. ದಿನಕ್ಕೆ ಎಂಟರಿಂದ ಹನ್ನೆರಡು ಗಂಟೆ ನಡೆಯಿತೆಂದರೂ 40ರಿಂದ 60 ಆಂಪಿಯರ್-ಅವರ್. ಕ್ಯಾರವಾನಿನ ಬ್ಯಾಟರಿ ಮತ್ತು ಮಾಡಿನ ಮೇಲಿನ ಸೋಲಾರ್ ಫಲಕ ಸೇರಿ ಇದನ್ನು ಸಾಕಬಲ್ಲವು. ಔಷಧಿ ಇರುವವರಿಗೆ ನಾವು ಹೇಳುವುದು ಇದನ್ನೇ. ಆದರೆ ತಂಪಿನ ಫಲಕಕ್ಕೆ ತಾಗಿಸಿಟ್ಟರೆ ಇನ್ಸುಲಿನ್ ಹೆಪ್ಪುಗಟ್ಟೀತು, ಹೆಪ್ಪುಗಟ್ಟಿದ್ದನ್ನು ಬಳಸಬಾರದು. ಒಳಗೊಂದು ಸಣ್ಣ ಥರ್ಮಾಮೀಟರ್ ಇರಲಿ.

ಇನ್ನು ಎಂಜಿನ್ ನಿಂತೊಡನೆ ಕರೆಂಟು ಕಡಿಯುವವರು ಯಾರು? “ನಾನು ನೆನಪಿಟ್ಟು ಸ್ವಿಚ್ ಆಫ್ ಮಾಡುತ್ತೇನೆ” ಎನ್ನುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಎಂಟುನೂರು ಕಿಲೋಮೀಟರ್ ಓಡಿಸಿ ದಣಿದವನ ನೆನಪನ್ನು ನಂಬಿ ಹೊರಡುವುದು ಬೇಡ. ಆ ಕೆಲಸಕ್ಕೆ ರಿಲೇ ಎಂಬ ಸಣ್ಣ ಸಾಧನವಿದೆ. ಅದರಲ್ಲಿ ಒಂದು ಬಗೆ ವೋಲ್ಟೇಜನ್ನು ನೋಡಿ ಕೆಲಸ ಮಾಡುತ್ತದೆ. ಎಂಜಿನ್ ಓಡಿ ವೋಲ್ಟೇಜು ಸುಮಾರು 13.3 ದಾಟಿದರೆ ಜೋಡಿಸುತ್ತದೆ, 12.8ರ ಆಸುಪಾಸಿಗೆ ಇಳಿದರೆ ಕಡಿಯುತ್ತದೆ. ಹಳೆಯ ಕಾರುಗಳಿಗೆ ಇದು ಧಾರಾಳ ಸಾಕು.

ಹೊಸ ಕಾರುಗಳಲ್ಲಿ ಒಂದು ಸಿಕ್ಕಿದೆ. ಇಂಧನ ಉಳಿಸಲೆಂದು ಅವುಗಳ ಆಲ್ಟರ್ನೇಟರ್ — ನಮ್ಮ ಗ್ಯಾರೇಜಿನವರ ಬಾಯಲ್ಲಿ ಡೈನಮೋ — ಬ್ಯಾಟರಿ ತುಂಬಿದೊಡನೆ ವೋಲ್ಟೇಜನ್ನು ತಾನೇ 12.5ರ ಸುಮಾರಿಗೆ ಇಳಿಸಿಬಿಡುತ್ತದೆ. ಪಾಪ, ರಿಲೇ ಎಂಜಿನ್ ನಿಂತಿತೆಂದು ತಿಳಿದು ಕರೆಂಟು ಕಡಿಯುತ್ತದೆ! ಕಾರು ಓಡುತ್ತಲೇ ಇದೆ, ಹಿಂದೆ ಫ್ರಿಜ್ಜು ಬೆಚ್ಚಗಾಗುತ್ತಿದೆ. ಇಂಥ ಕಾರಿಗೆ ಇಗ್ನಿಷನ್ ಕೀಲಿಯ ಸಂಕೇತ ನೋಡಿ ನಡೆಯುವ ರಿಲೇ ಬೇಕು. ಕ್ಯಾರವಾನಿನ ಬ್ಯಾಟರಿಯನ್ನು ತುಂಬಿಸಲು ‘ಡಿಸಿ-ಡಿಸಿ ಚಾರ್ಜರ್’ ಹಾಕಿಸಬೇಕು. ಬಂದ ವೋಲ್ಟೇಜು ಕಡಿಮೆಯಿದ್ದರೂ ಅದು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸಿ ಕೊಡುತ್ತದೆ. ಲಿಥಿಯಂ ಬ್ಯಾಟರಿಯಿದ್ದರೆ ಇದು ಇರಲೇಬೇಕು, ಇಲ್ಲವಾದರೆ ಅದು ಮಿತಿಮೀರಿ ಕರೆಂಟು ಎಳೆದು ಆಲ್ಟರ್ನೇಟರನ್ನೇ ಕಾಯಿಸೀತು.

ಇಷ್ಟೆಲ್ಲ ಮಾಡಿ ವಯರಿನಲ್ಲಿ ಜಿಪುಣತನ ಮಾಡುವವರೇ ಹೆಚ್ಚು. ಬಾನೆಟ್ಟಿನಿಂದ ಫ್ರಿಜ್ಜಿನವರೆಗೆ 8 ಮೀಟರ್ ಎಂದರೆ ಹೋಗಿ ಬರುವ ದಾರಿ 16 ಮೀಟರ್. 2.5 ಚದರ ಮಿಲಿಮೀಟರಿನ ತಾಮ್ರದ ವಯರಿನಲ್ಲಿ 12 ಆಂಪಿಯರ್ ಹರಿದರೆ ಸುಮಾರು ಒಂದೂಕಾಲು ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತದೆ. ವೋಲ್ಟೇಜು ಇಳಿದರೆ ಹೀಟರಿನಲ್ಲಿ ಕರೆಂಟೂ ಇಳಿಯುವುದರಿಂದ ಅದರ ಶಕ್ತಿಯಲ್ಲಿ ಸುಮಾರು ಆರರಲ್ಲೊಂದು ಪಾಲು ನಷ್ಟ. 6 ಚದರ ಮಿಲಿಮೀಟರಿನ ವಯರು ಹಾಕಿದರೆ ನಷ್ಟ ಅರ್ಧ ವೋಲ್ಟಿನ ಆಸುಪಾಸು. ಹಿಂದಿನ ದೀಪಗಳಿಗಿರುವ ಪ್ಲಗ್ಗಿನ ಸಣ್ಣ ವಯರಿಗೇ ಫ್ರಿಜ್ಜನ್ನೂ ಜೋಡಿಸುವುದು ಬೇಡ. ಆಸ್ಟ್ರೇಲಿಯಾದಲ್ಲಿ ಇದಕ್ಕಾಗಿ 50 ಆಂಪಿಯರಿನ ಬೂದು ಬಣ್ಣದ ಆಂಡರ್ಸನ್ ಪ್ಲಗ್ ಎಲ್ಲೆಡೆ ಬಳಕೆಯಲ್ಲಿದೆ. ಕಾರಿನ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಫ್ಯೂಸಿಲ್ಲದ ವಯರು ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ಕಾರಿಗೇ ಬೆಂಕಿ ಹಿಡಿದೀತು.

ಹೊರಡುವ ಮೊದಲು ಮಗನಿಗೋ ಅಳಿಯನಿಗೋ ಹೇಳಿ, ಮಲ್ಟಿಮೀಟರ್ ಹಿಡಿದು ಫ್ರಿಜ್ಜಿನ ಹಿಂದಿನ ಟರ್ಮಿನಲ್ಲಿನಲ್ಲಿ ಎರಡು ಸಲ ನೋಡಿಸಿ. ತ್ರೀ ವೇ ಆದರೆ, ಫ್ರಿಜ್ಜು 12 ವೋಲ್ಟಿನಲ್ಲಿ ನಡೆಯುತ್ತಿದ್ದು ಎಂಜಿನ್ ಓಡುವಾಗ 12ಕ್ಕಿಂತ ಮೇಲೆ ಇರಬೇಕು. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಕಾದು ನೋಡಿದರೆ ಸೊನ್ನೆ ಬರಬೇಕು.

ಒಂದು ಮಾತು ಬಿಟ್ಟುಹೋಗಿತ್ತು. ಫ್ರಿಜ್ಜು ತುಂಬಿದ್ದಷ್ಟೂ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಹಣ್ಣು ತರಕಾರಿ ತುರುಕಬೇಡಿ. ನಲ್ಲರ್‌ಬೋರ್ ದಾಟಿ ಪಶ್ಚಿಮಕ್ಕೆ ಹೋಗುವವರನ್ನು ರಾಜ್ಯದ ಗಡಿಯಲ್ಲಿ, ಪೂರ್ವಕ್ಕೆ ಹೋಗುವವರನ್ನು ಸೆಡೂನಾದಲ್ಲಿ ತಡೆದು ನೋಡುತ್ತಾರೆ, ಹೆಚ್ಚಿನದನ್ನು ಅಲ್ಲೇ ಬಿಡಬೇಕಾಗುತ್ತದೆ. ಪಶ್ಚಿಮದ ಗಡಿಯಲ್ಲಂತೂ ಜೇನುತುಪ್ಪಕ್ಕೂ ಪ್ರವೇಶವಿಲ್ಲ. ಖಾಲಿ ಜಾಗಕ್ಕೆ ನೀರಿನ ಬಾಟಲಿ ಇಡಿ.