ಕಡ್ಡಿ ಹಿಡಿದವಳ ಪಕ್ಕದಲ್ಲಿ ಕುಳಿತುಕೊಳ್ಳಿ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನಮ್ಮ ಮನೆಗಳಲ್ಲಿ ಕ್ರೋಶಿಯಾ ಕಲಿಯಲು ಆಸೆಪಡುವವರು ಬಹಳ. ಆದರೆ ಎರಡೇ ದಿನಕ್ಕೆ ಕಡ್ಡಿ ಮೂಲೆ ಸೇರುತ್ತದೆ. ಹೆಣಿಗೆ ಕಷ್ಟವೆಂದಲ್ಲ, ‘ಇದನ್ನು ಕಟ್ಟಿಕೊಂಡು ಏನು ಮಾಡ್ತೀಯಾ?’ ಎಂಬ ಮನೆಯವರ ಒಂದು ಮಾತು ಸಾಕು.

ಹೊಸಬರು ನಮಾಝಿನ ಟೋಪಿಯ ಸಣ್ಣ ನೂಲಿಗೆ ಈಗಲೇ ಕೈಹಾಕಬೇಡಿ. ತಿಳಿಬಣ್ಣದ ದಪ್ಪ ಉಲ್ಲನ್ ಮತ್ತು 4 ಮಿ.ಮೀ. ಕಡ್ಡಿ ತನ್ನಿ. (ಕಪ್ಪು ಬಣ್ಣವಂತೂ ಬೇಡ, ಕುಣಿಕೆಯೇ ಕಾಣುವುದಿಲ್ಲ.) ಕೈ ಕೂಡುವವರೆಗೆ ಬರೀ ಸರಪಳಿ ಹಾಕಿ. ಆಮೇಲೆ ಸಾಲುಗಳು. ಹೆಣೆದದ್ದು ಬರಬರುತ್ತಾ ಕಿರಿದಾದರೆ ಸಾಲಿನ ಕೊನೆಯ ಕುಣಿಕೆ ಬಿಟ್ಟುಹೋಗುತ್ತಿದೆ ಎಂದೇ ತಿಳಿಯಿರಿ. ಪ್ರತಿ ಸಾಲನ್ನೂ ಎಣಿಸಿ. ತಪ್ಪಿದರೆ ದಾರ ಎಳೆದುಬಿಡಿ. ಎಲ್ಲವೂ ಬಿಚ್ಚಿಕೊಳ್ಳುತ್ತದೆ, ಉಲ್ಲನ್ ಹಾಳಾಗುವುದಿಲ್ಲ. ಹೊಲಿಗೆಯಲ್ಲಿ ತಪ್ಪಾಗಿ ಕತ್ತರಿಸಿದ ಬಟ್ಟೆಗೆ ಈ ಭಾಗ್ಯವಿದೆಯೇ?

ಜೊತೆಯವರಿದ್ದರೆ ಈ ಕೆಲಸ ಎಲ್ಲಿಗೆ ಮುಟ್ಟುತ್ತದೆ ನೋಡಿ. 2016ರಲ್ಲಿ ಚೆನ್ನೈಯಲ್ಲಿ ಮಹಿಳೆಯರು ತಾವು ಹೆಣೆದ ತುಂಡುಗಳನ್ನು ಜೋಡಿಸಿ 11,148.5 ಚದರ ಮೀಟರಿನ ಕಂಬಳಿ ಮಾಡಿ ಗಿನ್ನೆಸ್ ದಾಖಲೆ ಸೇರಿದರು. ಒಬ್ಬೊಬ್ಬರ ಪಾಲಿಗೆ ಬಂದದ್ದು ಮಡಿಲಲ್ಲಿಟ್ಟು ಹೆಣೆಯಬಹುದಾದ ಚೌಕಗಳಷ್ಟೇ.

ಅತ್ತೆಯಂದಿರೇ, ಸೊಸೆಯ ಮೊದಲ ತುಂಡು ಸೊಟ್ಟಗಿದ್ದರೂ ಒಮ್ಮೆ ಕೈಗೆತ್ತಿಕೊಂಡು ನೋಡಿ. ಹೆಣಿಗೆ ಬಲ್ಲವರು ಅಸ್ರ್ ನಂತರ ಅರ್ಧ ಗಂಟೆ ಅವಳ ಪಕ್ಕ ಕುಳಿತುಕೊಳ್ಳಿ.