ಮಲಾಡಿನ ಪಟ್ಟಿಯಲ್ಲಿ ಬಿಟ್ಟುಹೋದವರು: ಮುಂಬಯಿ ಮಹಾಧರ್ಮಾಧ್ಯಕ್ಷರಿಗೆ ಬಹಿರಂಗ ಪತ್ರ

ಅತಿ ವಂದನೀಯ ಜಾನ್ ರೋಡ್ರಿಗಸ್ ಅವರಿಗೆ,



ಮಲಾಡ್ ಪಶ್ಚಿಮದ ಓರ್ಲೆಮ್‌ನಲ್ಲಿರುವ ಲೂರ್ದು ಮಾತೆಯ ಇಗರ್ಜಿ ತಮ್ಮ ಮಹಾಧರ್ಮಪ್ರಾಂತದ ದೊಡ್ಡ ಧರ್ಮಕೇಂದ್ರಗಳಲ್ಲೊಂದು. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕುಟುಂಬಗಳು ಅಲ್ಲಿ ಬೇಕಾದಷ್ಟಿವೆ. ಹಿರಿಯರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರೂ ಇದ್ದಾರೆ. ಅದೇ ಉಪನಗರದಲ್ಲಿ ಇನ್ನೊಂದು ಕನ್ನಡವೂ ಇದೆ: ಕಲಬುರಗಿ, ಯಾದಗಿರಿ ಕಡೆಯಿಂದ ಕೂಲಿಗೆ ಬಂದವರದು. ಈ ಎರಡು ಕನ್ನಡಗಳಿಗೆ ಪರಸ್ಪರ ಗುರುತೇ ಇಲ್ಲ.

ಕೂಲಿಯವರು ಕೆಲಸಕ್ಕೆ ಕಾಯುವ ನಾಕಾದಲ್ಲಿ ಬೆಳಿಗ್ಗೆ ನಿಂತವರನ್ನು ಗುತ್ತಿಗೆದಾರ ಕರೆದರೆ ಅಂದಿನ ಕೂಲಿ. ಕರೆಯದಿದ್ದರೆ ಬುತ್ತಿ ಹಿಡಿದು ಬಂದ ದಾರಿಯಲ್ಲೇ ವಾಪಸು. ಮಳೆಗಾಲದಲ್ಲಂತೂ ಕೆಲಸ ನಿಂತ ದಿನಗಳೇ ಹೆಚ್ಚು. ರೇಷನ್ ಕಾರ್ಡು ಊರಲ್ಲಿ, ಮುದಿ ತಂದೆತಾಯಿಯ ಕೈಯಲ್ಲಿ. ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂತು, ನಿಜ. ಆದರೆ ಕೇಂದ್ರದ ಪಾಲಿನ ಧಾನ್ಯವಷ್ಟೇ ಇಲ್ಲಿ ಸಿಗುತ್ತದೆ. ಅನ್ನಭಾಗ್ಯದ ಹೆಚ್ಚುವರಿ ಪಾಲು ಕರ್ನಾಟಕದ ಗಡಿ ದಾಟುವುದಿಲ್ಲ. ಸಿಮೆಂಟು ಕಲಸಿ ಸವೆದ ಹೆಬ್ಬೆರಳನ್ನು ಅಂಗಡಿಯ ಯಂತ್ರ ಗುರುತಿಸದಿದ್ದರೆ ಅದೂ ಇಲ್ಲ. ಸಿಕ್ಕ ಗೋಧಿಯನ್ನು ಬೀಸಿಸಲು ಗಿರಣಿಗೆ ದುಡ್ಡು, ಬೇಯಿಸಲು ಗ್ಯಾಸು ಬೇರೆ.

ಧರ್ಮಸಭೆ ಕೈಕಟ್ಟಿ ಕೂತಿದೆ ಎಂದು ಯಾರೂ ಹೇಳಲಾರರು. ಪ್ಯಾರಿಸ್ಸಿನಲ್ಲಿ 1833ರಲ್ಲಿ ಫ್ರೆಡ್ರಿಕ್ ಒಝನಾಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಇವತ್ತಿಗೂ ಬಡವರ ಮನೆ ಹುಡುಕಿಕೊಂಡು ಹೋಗುತ್ತಾರೆ. ತಪಸ್ಸುಕಾಲದಲ್ಲಿ ಕಾರಿತಾಸ್ ಇಂಡಿಯಾ ಹಸಿವು ಮತ್ತು ರೋಗದ ವಿರುದ್ಧ ಅಭಿಯಾನ ನಡೆಸುತ್ತದೆ. 2017ರಿಂದ ಪ್ರತಿವರ್ಷ ನವೆಂಬರಿನಲ್ಲಿ ಬಡವರ ವಿಶ್ವ ದಿನವೂ ಉಂಟು. ಆದರೆ ಹುಡುಕುವವರು ಗೊತ್ತಿರುವ ಮನೆಗಳಿಂದಲೇ ಶುರು ಮಾಡುವುದು ಸಹಜ. ನಾಕಾದ ಕೂಲಿಗೆ ಧರ್ಮಕೇಂದ್ರದ ಪರಿಚಯವಿಲ್ಲ. ಅವನ ಮಾತು ಮರಾಠಿಯೂ ಅಲ್ಲ, ಇಂಗ್ಲಿಷೂ ಅಲ್ಲ.

ಈ ತೊಡಕು ಧರ್ಮಸಭೆಯಷ್ಟೇ ಹಳೆಯದು. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯದಲ್ಲಿ ಜೆರುಸಲೇಮಿನ ಮೊದಲ ಕ್ರೈಸ್ತರ ನಡುವೆ ಎದ್ದ ಗೊಣಗಾಟ ಊಟದ್ದೇ: ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದರು. ಪ್ರೇಷಿತರು ಸಬೂಬು ಹೇಳಲಿಲ್ಲ, ಸಮುದಾಯವೇ ಆರಿಸಿದ ಏಳು ಮಂದಿಯನ್ನು ಆ ಕೆಲಸಕ್ಕೆ ನೇಮಿಸಿದರು. ಸ್ತೇಫನ, ಫಿಲಿಪ್ಪ ಸೇರಿದಂತೆ ಏಳೂ ಮಂದಿಯದು ಗ್ರೀಕ್ ಹೆಸರು. ಯಾರಿಗೆ ಅನ್ಯಾಯವಾಯಿತೋ ಅವರ ಮಾತು ಬಲ್ಲವರ ಕೈಗೇ ಸೌಟು ಹೋಯಿತು.

ಓರ್ಲೆಮ್‌ನಲ್ಲಿ ಅಂಥ ಏಳು ಮಂದಿ ಸಿಗಲಾರರೇ? ನಿವೃತ್ತ ಮೇಷ್ಟ್ರು, ನರ್ಸ್‌ಬಾಯಿ, ಬ್ಯಾಂಕಿನಿಂದ ಬಿಡುವಾದವರು, ಹೋಟೆಲು ನಡೆಸಿ ನೂರು ಜನರ ಸಾರಿನ ಅಳತೆ ಬಲ್ಲವರು. ಕನ್ನಡ ಬಲ್ಲ ಒಬ್ಬರು ರೇಷನ್ ಅಂಗಡಿಗೆ ಜೊತೆಯಲ್ಲಿ ಹೋದರೂ ಅರ್ಧ ಕೆಲಸ ಆದಂತೆ. ಉಳಿದರ್ಧಕ್ಕೆ ದಿನಕ್ಕೊಂದು ಹೊತ್ತಿನ ಬಿಸಿಯೂಟ ಬೇಕು, ಅದೂ ಹಬ್ಬಕ್ಕೊಮ್ಮೆ ಅಲ್ಲ.

ಮತಾಂತರದ ಗುಮಾನಿ ಬರುತ್ತದೆ, ಬರಲಿ. ಕಲಬುರಗಿಯವರಿಗೆ ಶರಣಬಸವೇಶ್ವರರ ದಾಸೋಹ ಗೊತ್ತು. ಜಾತಿ ಕೇಳದೆ ಉಣಿಸುವುದು ಅವರಿಗೆ ಹೊಸತಲ್ಲ. ಊಟದ ಜಾಗದಲ್ಲಿ ಪ್ರಾರ್ಥನೆಯ ಚೀಟಿಯಿಲ್ಲ, ಹೆಸರು ಬರೆಸುವ ರಿಜಿಸ್ಟರಿಲ್ಲ ಎಂದು ಮೊದಲೇ ಸಾರಿಬಿಟ್ಟರೆ ಗುಮಾನಿಗೆ ಹೆಚ್ಚು ಬಲ ಉಳಿಯದು.

ದುಡ್ಡಿನ ಮಾತು ಬಂದರೆ ತಮ್ಮ ನಗರದ್ದೇ ಉದಾಹರಣೆಯಿದೆ. 1964ರ ಡಿಸೆಂಬರಿನಲ್ಲಿ ಪರಮಪ್ರಸಾದದ ಮಹಾಸಮ್ಮೇಳನಕ್ಕೆ ಮುಂಬಯಿಗೆ ಬಂದ ಆರನೇ ಪೌಲ್ ಪೋಪರು ತಾವು ಬಳಸಿದ ಲಿಂಕನ್ ಕಾರನ್ನು ಮದರ್ ತೆರೇಸಾರಿಗೆ ಕೊಟ್ಟು ಹೋದರು. ಆಕೆ ಅದನ್ನು ಓಡಿಸಲಿಲ್ಲ, ಲಾಟರಿಗಿಟ್ಟು ಬಂದ ಹಣವನ್ನು ಕುಷ್ಠರೋಗಿಗಳ ಸೇವೆಗೆ ಹಾಕಿದರು. ಮಲಾಡಿಗೆ ಅಷ್ಟು ದೊಡ್ಡ ಕಾರೂ ಬೇಡ. ಮದುವೆಯಿಲ್ಲದ ದಿನಗಳಲ್ಲಿ ಧರ್ಮಕೇಂದ್ರದ ಸಭಾಂಗಣ ಮತ್ತು ತಮ್ಮ ಸಹಿಯ ಒಂದು ಸುತ್ತೋಲೆ ಸಾಕು. ಆ ಸುತ್ತೋಲೆ ಬರುವ ಮಳೆಗಾಲಕ್ಕೆ ಮುಂಚೆ ಹೊರಡಲಿ ಎಂಬುದು ಈ ಪತ್ರದ ಕೋರಿಕೆ.

ಇತಿ,
ಮುಂಬಯಿಯ ಒಬ್ಬ ಕನ್ನಡಿಗ