ಕೃಷ್ಣೆ ಸಂಪುಟ ವಿಸ್ತರಣೆಗೆ ಕಾಯುವುದಿಲ್ಲ

ಸರ್ಕಾರ ಬಿದ್ದಾಗ ಯಾರು ಗೆದ್ದರು, ಯಾರು ಪಕ್ಷ ಬಿಟ್ಟರು ಅಂತ ದಿನಗಟ್ಟಲೆ ಚರ್ಚೆ ಮಾಡ್ತೀವಿ. ಹಳೇ ಸರ್ಕಾರ ಹೋಗಿ ಹೊಸದು ಪೂರ್ತಿ ಕೂರುವ ತನಕ ಜನರ ಪಾಲಿಗೆ ಯಾರಿರುತ್ತಾರೆ? ಇದನ್ನು ಮಾತ್ರ ಕೇಳೋದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನದಿತೀರದವರು ಕೇಳಲೇಬೇಕಾದ ಪ್ರಶ್ನೆ ಇದು.

2019ರ ಕ್ಯಾಲೆಂಡರ್ ತೆಗೆದು ನೋಡಿ. ಜುಲೈ 23ರಂದು ಕುಮಾರಸ್ವಾಮಿ ವಿಶ್ವಾಸಮತ ಸೋತರು. 26ರಂದು ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಅವರ ಸಂಪುಟಕ್ಕೆ ಮೊದಲ 17 ಸಚಿವರು ಸೇರಿದ್ದು ಆಗಸ್ಟ್ 20ರಂದು. ಅಲ್ಲಿಯವರೆಗೆ 25 ದಿನ ಇಡೀ ರಾಜ್ಯಕ್ಕೆ ಒಬ್ಬರೇ ಮಂತ್ರಿ. ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿದ್ದು ಸರಿಯಾಗಿ ಇದೇ ಅವಧಿಯಲ್ಲಿ. ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದ್ ಆಯ್ತು.

ಅಥಣಿ, ಕಾಗವಾಡದ ಕಥೆ ಇನ್ನೂ ಕಷ್ಟದ್ದು. ಅಲ್ಲಿನ ಶಾಸಕರಾದ ಮಹೇಶ ಕುಮಠಳ್ಳಿ, ಶ್ರೀಮಂತ ಪಾಟೀಲ ಇಬ್ಬರೂ ಜುಲೈ ಕೊನೆಯಲ್ಲೇ ಅನರ್ಹಗೊಂಡಿದ್ದರು. ಉಪಚುನಾವಣೆ ನಡೆದದ್ದು ಡಿಸೆಂಬರ್ 5ಕ್ಕೆ. ಅಂದರೆ ನೆರೆ ಬಂದಾಗಲೂ, ಇಳಿದ ಮೇಲೆ ಪರಿಹಾರದ ಪಟ್ಟಿ ತಯಾರಾಗುವಾಗಲೂ ಈ ಎರಡು ಕ್ಷೇತ್ರಗಳಿಗೆ ಶಾಸಕರೇ ಇರಲಿಲ್ಲ.

ಒಂದು ಸಲ ಆಗಿದ್ದು ಅಂತ ಬಿಡೋಣವೇ? 2021ರ ಜುಲೈನಲ್ಲಿ ಮತ್ತೆ ನೆರೆ, ಮತ್ತೆ ಯಮಗರ್ಣಿಯಲ್ಲಿ ಹೆದ್ದಾರಿ ಬಂದ್. ಜುಲೈ 26ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. 28ಕ್ಕೆ ಬೊಮ್ಮಾಯಿ ಬಂದರು. ಸಚಿವರು ಬಂದದ್ದು ಆಗಸ್ಟ್ 4ಕ್ಕೆ. ಅಷ್ಟರಲ್ಲಿ ಜಿಲ್ಲಾ ಪಂಚಾಯತಿಯ ಅವಧಿಯೂ ಮುಗಿದಿತ್ತು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯತಿ ಅಧ್ಯಕ್ಷರು ಸಹ ಅಧ್ಯಕ್ಷರು. ಚುನಾವಣೆ ಮುಂದೂಡಿದಾಗ ಆ ಕುರ್ಚಿಯೂ ಖಾಲಿ.

ಅಧಿಕಾರಿಗಳು ಇದ್ದಾರಲ್ಲ ಅಂತೀರಾ? ಇದ್ದಾರೆ, ದುಡಿದಿದ್ದಾರೆ. ಬೋಟು ಕಳಿಸೋದು, ಕಾಳಜಿ ಕೇಂದ್ರ ತೆರೆಯೋದು ಅವರ ಕೆಲಸ. ಆದರೆ ಕೊಯ್ನಾ ನೀರಿನ ವಿಚಾರದಲ್ಲಿ ಮಹಾರಾಷ್ಟ್ರದ ಮಂತ್ರಿ ಜೊತೆ ಮಾತಾಡೋದು, ಪರಿಹಾರದ ಮೊತ್ತ ಹೆಚ್ಚಿಸೋದು, ತಪ್ಪಾದರೆ ಜನರಿಗೆ ಉತ್ತರ ಕೊಡೋದು ರಾಜಕೀಯ ಜವಾಬ್ದಾರಿ. ಅದನ್ನು ತಹಶೀಲ್ದಾರರ ಹೆಗಲಿಗೆ ಹಾಕೋಕೆ ಆಗಲ್ಲ.

ಅಮೆರಿಕದಲ್ಲಿ ಅಧ್ಯಕ್ಷರ ಅಧಿಕಾರ ಹಸ್ತಾಂತರಕ್ಕೆ ಅಂತಲೇ 1963ರಿಂದ ಕಾನೂನಿದೆ. 2000ದ ಚುನಾವಣೆಯ ವ್ಯಾಜ್ಯದಿಂದ ಆ ಅವಧಿ ಮೊಟಕಾಗಿ ಮುಖ್ಯ ನೇಮಕಾತಿಗಳು ತಡವಾದವು ಅಂತ 9/11 ದಾಳಿಯ ತನಿಖಾ ಆಯೋಗ ಗುರುತಿಸಿತ್ತು. ನಮ್ಮಲ್ಲಿ? ಸಂವಿಧಾನದ 164(1ಎ) ವಿಧಿ, ರಾಜ್ಯದಲ್ಲಿ ಮುಖ್ಯಮಂತ್ರಿ ಸೇರಿ ಕನಿಷ್ಠ 12 ಮಂತ್ರಿಗಳಿರಬೇಕು ಅನ್ನುತ್ತೆ. ಎಷ್ಟು ದಿನದೊಳಗೆ ಅಂತ ಹೇಳಲ್ಲ. ಹೈಕಮಾಂಡ್ ಪಟ್ಟಿ ಕಳಿಸೋ ತನಕ ಕಾಯೋದಕ್ಕೆ ಜಾಗ ಸಿಗೋದು ಇಲ್ಲೇ.

ನನ್ನ ಪ್ರಕಾರ ಮೂರು ಬೇಡಿಕೆ ಇಡಬೇಕು. 12 ಮಂತ್ರಿಗಳ ನೇಮಕಕ್ಕೆ ಒಂದು ವಾರದ ಗಡುವು. ಮಳೆಗಾಲದಲ್ಲಿ ಸರ್ಕಾರ ಬದಲಾದರೆ ಮೊದಲ ದಿನವೇ ನೆರೆ ಜಿಲ್ಲೆಗಳ ಲಿಖಿತ ವರದಿ ಹಸ್ತಾಂತರ, ಪ್ರತಿ ಜಿಲ್ಲೆಗೊಬ್ಬ ಹೊಣೆಗಾರ ಮಂತ್ರಿ. ಮೂರನೆಯದು, ಪಂಚಾಯತಿ ಚುನಾವಣೆ ಅವಧಿ ಮುಗಿಯೋ ಮುಂಚೆಯೇ.

2019ರ ಆಗಸ್ಟ್ 20ರಂದು ಅಥಣಿಯ ಲಕ್ಷ್ಮಣ ಸವದಿ, ನಿಪ್ಪಾಣಿಯ ಶಶಿಕಲಾ ಜೊಲ್ಲೆ ಇಬ್ಬರೂ ಮಂತ್ರಿಯಾದರು. ಈ ಭಾಗಕ್ಕೆ ಮಂತ್ರಿಗಿರಿ ಸಿಗಲಿಲ್ಲ ಅಂತ ಯಾರೂ ಹೇಳೋಹಾಗಿಲ್ಲ. ಸಿಕ್ಕಿತು, ನೀರು ಮನೆ ಹೊಕ್ಕ ಮೇಲೆ. ಮುಂದಿನ ಸಲ ನಿಮ್ಮೂರಿಗೆ ಮತ ಕೇಳೋಕೆ ಬಂದವರನ್ನ, ಯಾವ ಪಕ್ಷದವರೇ ಆಗಲಿ, ಈ ಗಡುವಿನ ಬಗ್ಗೆ ಕೇಳಿ.